ಅಮ್ಮನಿಗೆ ಆಟೋಇಮ್ಯೂನ್ ಹೀಮೋಲಿಟಿಕ್ ಅನೀಮಿಯಾ: ಯಾರ ರಕ್ತವೂ ಮ್ಯಾಚ್ ಆಗುತ್ತಿಲ್ಲ, ಏನು ಮಾಡೋದು?

ತೀರ್ಥಹಳ್ಳಿ ಹುಡುಗಿ

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 52 ವರ್ಷ. ಈಚೆಗೆ ಕೆಲವು ವಾರಗಳಿಂದ ತುಂಬಾ ಸುಸ್ತು. ಕೊಟ್ಟಿಗೆಯಿಂದ ಅಡುಗೆಮನೆಗೆ ಬರುವಷ್ಟರಲ್ಲಿ ಏದುಸಿರು. ಕಣ್ಣು ಹಳದಿಯಾಯಿತು. ಊರಲ್ಲಿ ಎಲ್ಲರೂ ಕಾಮಾಲೆ ಅಂದರು, ಪಥ್ಯ ಶುರುವಾಯಿತು. ಆಮೇಲೆ ಮೂತ್ರ ಹಾಲು ಹಾಕದ ಕಡು ಚಹಾದ ಬಣ್ಣಕ್ಕೆ ತಿರುಗಿದಾಗ ರಕ್ತ ಪರೀಕ್ಷೆ ಮಾಡಿಸಿದೆವು. ಹಿಮೋಗ್ಲೋಬಿನ್ 5.2. ಅಲ್ಲಿಂದ ನೇರವಾಗಿ ಶಿವಮೊಗ್ಗಕ್ಕೆ ಕಳಿಸಿದರು, ಈಗ ಅಡ್ಮಿಟ್ ಆಗಿದ್ದಾರೆ.

ರಿಪೋರ್ಟಿನಲ್ಲಿ ಇರೋದು: ರೆಟಿಕ್ಯುಲೋಸೈಟ್ (ಹೊಸದಾಗಿ ಹುಟ್ಟಿದ ಕೆಂಪು ಕಣ) 14%, ಎಲ್‌ಡಿಎಚ್ (ಕಣ ಒಡೆದರೆ ಏರುವ ಕಿಣ್ವ) ಜಾಸ್ತಿ, ಬಿಲಿರುಬಿನ್ 4.1 (ಅದರಲ್ಲಿ ಇನ್‌ಡೈರೆಕ್ಟ್ ಭಾಗವೇ ಹೆಚ್ಚು), ಎಸ್‌ಜಿಪಿಟಿ (ಲಿವರ್ ಟೆಸ್ಟ್) ನಾರ್ಮಲ್, ಡೈರೆಕ್ಟ್ ಕೂಂಬ್ಸ್ (ಕೆಂಪು ಕಣಕ್ಕೆ ಪ್ರತಿಕಾಯ ಅಂಟಿದೆಯಾ ಅಂತ ನೋಡುವ ಟೆಸ್ಟ್) ಪಾಸಿಟಿವ್. ಸ್ಟೀರಾಯ್ಡ್ ಶುರು ಮಾಡಿದ್ದಾರೆ.

ನಮ್ಮದು ದೊಡ್ಡ ಕುಟುಂಬ. ಅಮ್ಮನದು ಬಿ ಪಾಸಿಟಿವ್, ಅದೇ ಗುಂಪಿನವರು ಏಳೆಂಟು ಮಂದಿ ರಕ್ತ ಕೊಡಲು ಬಂದು ನಿಂತಿದ್ದಾರೆ. ಆದರೆ ರಕ್ತನಿಧಿಯವರು ಯಾರದ್ದೂ ಮ್ಯಾಚ್ ಆಗುತ್ತಿಲ್ಲ ಅನ್ನುತ್ತಿದ್ದಾರೆ. ಒಂದೇ ಗುಂಪಿದ್ದೂ ಯಾಕೆ ಹೊಂದುತ್ತಿಲ್ಲ? ಇದು ಬ್ಲಡ್ ಕ್ಯಾನ್ಸರಾ? ಐರನ್ ಮಾತ್ರೆಯನ್ನೂ ಕೊಡುತ್ತಿಲ್ಲ, ಯಾಕೆ? ಗೊತ್ತಿದ್ದವರು ದಯವಿಟ್ಟು ಹೇಳಿ.

ಮೈಸೂರು ಡಾಕ್ಟರ್

ನಾನು ರಕ್ತರೋಗ ವಿಭಾಗದಲ್ಲಿ ಕೆಲಸ ಮಾಡುವವನು. ನಿಮ್ಮ ಅಮ್ಮನನ್ನು ನೋಡುತ್ತಿರುವ ವೈದ್ಯರ ಮಾತೇ ಕೊನೆ. ಇಲ್ಲಿ ಬರೆಯೋದು ನಿಮಗೆ ವಿಷಯ ಅರ್ಥವಾಗಲಿ ಅಂತ.

ಮೊದಲು ಕ್ಯಾನ್ಸರ್ ಪ್ರಶ್ನೆ. ಈ ಕಾಯಿಲೆ ಕ್ಯಾನ್ಸರ್ ಅಲ್ಲ. ನಮ್ಮ ದೇಹದ ರಕ್ಷಣಾ ವ್ಯವಸ್ಥೆ ದಾರಿ ತಪ್ಪಿ, ನಮ್ಮದೇ ಕೆಂಪು ರಕ್ತಕಣಗಳಿಗೆ ಅಂಟಿಕೊಳ್ಳುವ ಪ್ರತಿಕಾಯಗಳನ್ನು ತಯಾರಿಸುತ್ತದೆ. ಮಾಮೂಲಿಯಾಗಿ ಒಂದು ಕೆಂಪು ಕಣ ಸುಮಾರು 120 ದಿನ ಬದುಕುತ್ತದೆ. ಪ್ರತಿಕಾಯ ಅಂಟಿದ ಕಣವನ್ನು ಗುಲ್ಮ, ಅಂದರೆ ಸ್ಪ್ಲೀನ್, ಹಿಡಿದು ಹಾಕುತ್ತದೆ. ಅಲ್ಲಿನ ಕೋಶಗಳು ಕಣದ ಹೊರಪದರವನ್ನು ಸ್ವಲ್ಪ ಸ್ವಲ್ಪವೇ ಕಚ್ಚಿ ತಿನ್ನುತ್ತವೆ. ತಪ್ಪಿಸಿಕೊಂಡು ಬಂದ ಕಣ ಚಪ್ಪಟೆ ಆಕಾರ ಕಳೆದುಕೊಂಡು ಗುಂಡಗಾಗಿರುತ್ತದೆ. ಸ್ಲೈಡಿನಲ್ಲಿ 'ಸ್ಫೀರೋಸೈಟ್' ಅಂತ ಬರೆದಿರುತ್ತಾರಲ್ಲ, ಅದು ಇದೇ. ಅಂಥ ಕಣ ಮುಂದಿನ ಸುತ್ತಿನಲ್ಲಿ ಗುಲ್ಮದ ಕಿರಿದಾದ ಸಂದುಗಳಲ್ಲಿ ಸಿಕ್ಕಿಹಾಕಿಕೊಂಡು ಮುಗಿದುಹೋಗುತ್ತದೆ. ನೂರು ಚಿಲ್ಲರೆ ದಿನ ಬದುಕಬೇಕಿದ್ದ ಕಣ ಕೆಲವೇ ದಿನಕ್ಕೆ ನಾಶ.

ಈಗ ಅಮ್ಮನ ರಿಪೋರ್ಟ್ ನೋಡಿ. ಒಡೆದ ಕಣದ ಹಿಮೋಗ್ಲೋಬಿನ್‌ನಿಂದ ಬಿಲಿರುಬಿನ್ ಆಗುತ್ತದೆ, ಹಾಗಾಗಿ ಕಣ್ಣು ಹಳದಿ. ಲಿವರ್ ಕೆಟ್ಟಿಲ್ಲ, ಅದಕ್ಕೇ ಎಸ್‌ಜಿಪಿಟಿ ಸರಿಯಿದೆ. ಅಸ್ಥಿಮಜ್ಜೆ ಆದಷ್ಟು ಬೇಗ ಹೊಸ ಕಣ ಮಾಡಿ ಹೊರಗೆ ತಳ್ಳುತ್ತಿದೆ, ಅದರ ಗುರುತೇ 14% ರೆಟಿಕ್ಯುಲೋಸೈಟ್. ಅಂದರೆ ನಿಮ್ಮ ಅಮ್ಮನಲ್ಲಿ ರಕ್ತ ತಯಾರಾಗುತ್ತಿಲ್ಲ ಅಂತಲ್ಲ, ತಯಾರಾದದ್ದು ಉಳಿಯುತ್ತಿಲ್ಲ. ಐರನ್ ಕೊಡದಿರುವುದಕ್ಕೂ ಕಾರಣ ಇದೇ. ಗುಲ್ಮದಲ್ಲಿ ಒಡೆದ ಕಣದ ಕಬ್ಬಿಣವನ್ನು ದೇಹ ಮತ್ತೆ ಬಳಸಿಕೊಳ್ಳುತ್ತದೆ. ದೇಹದ ಕಬ್ಬಿಣದ ಸಂಗ್ರಹ ತೋರಿಸುವ ಫೆರಿಟಿನ್ ಕಡಿಮೆ ಇದ್ದರೆ ಮಾತ್ರ ಐರನ್ ಬೇಕು. ಆದರೆ ಫೋಲಿಕ್ ಆಸಿಡ್ ಬೇಕೇ ಬೇಕು. ಮಜ್ಜೆ ಇಷ್ಟು ದುಡಿಯುವಾಗ ಅದು ಬೇಗ ಖಾಲಿಯಾಗುತ್ತದೆ. ಕೊಟ್ಟಿದ್ದಾರಾ ಅಂತ ಕೇಳಿ.

ಒಂದು ಲಕ್ಷ ಜನರಲ್ಲಿ ವರ್ಷಕ್ಕೆ ಒಬ್ಬರಿಂದ ಮೂವರಿಗೆ ಬರುವ ಕಾಯಿಲೆ ಇದು. ಹೆಚ್ಚುಕಡಿಮೆ ಅರ್ಧದಷ್ಟು ಜನರಲ್ಲಿ ಹಿಂದೆ ಬೇರೊಂದು ಕಾರಣ ಇರುತ್ತದೆ: ಲೂಪಸ್ (ರಕ್ಷಣಾ ವ್ಯವಸ್ಥೆ ನಮ್ಮ ದೇಹದ ಮೇಲೇ ತಿರುಗುವ ಇನ್ನೊಂದು ಕಾಯಿಲೆ), ಲಿಂಫೋಮ ಮತ್ತು ದೀರ್ಘಕಾಲದ ಲಿಂಫೋಸೈಟಿಕ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್‌ಗಳು, ಸೋಂಕು, ಕೆಲವು ಔಷಧಿ. ಹಾಗಾಗಿ ಎಎನ್‌ಎ (ಲೂಪಸ್ ಇದೆಯಾ ಅಂತ ನೋಡುವ ಟೆಸ್ಟ್), ಹೆಪಟೈಟಿಸ್ ಬಿ, ಸಿ, ಎಚ್‌ಐವಿ, ಕೆಲವೊಮ್ಮೆ ಹೊಟ್ಟೆಯ ಸ್ಕ್ಯಾನ್ ಮಾಡಿಸುತ್ತಾರೆ. ಇಷ್ಟೊಂದು ಟೆಸ್ಟ್ ಯಾಕಪ್ಪಾ ಅಂತ ಗಾಬರಿ ಬೇಡ. ಇನ್ನೊಂದು ಮಾತು. ಈಚೆಗೆ ಯಾವುದಾದರೂ ಇಂಜೆಕ್ಷನ್ ಕೊಡಿಸಿದ್ದರಾ? ಸೆಫ್‌ಟ್ರಯಾಕ್ಸೋನ್ ತರಹದ ಆ್ಯಂಟಿಬಯಾಟಿಕ್‌ನಿಂದಲೂ ಹೀಗೆ ಆಗಬಹುದು. ವೈದ್ಯರಿಗೆ ತಪ್ಪದೆ ತಿಳಿಸಿ.

ರಕ್ತನಿಧಿ ಗೆಳೆಯ, ಹುಬ್ಬಳ್ಳಿ

ಮ್ಯಾಚಿಂಗ್ ವಿಷಯಕ್ಕೆ ನಾನು ಉತ್ತರ ಕೊಡ್ತೀನಿ ಅಕ್ಕಾ. ನಾನು ಟೆಕ್ನಿಷಿಯನ್. ಇಂಥ ಸ್ಯಾಂಪಲ್ ಬಂದ ದಿನ ನಮ್ಮ ಲ್ಯಾಬಿನಲ್ಲಿ ಊಟದ ಹೊತ್ತು ಯಾರಿಗೂ ನೆನಪಿರೋದಿಲ್ಲ.

ಕ್ರಾಸ್‌ಮ್ಯಾಚ್ ಅಂದರೆ ರೋಗಿಯ ಪ್ಲಾಸ್ಮಾಕ್ಕೆ ದಾನಿಯ ಕೆಂಪು ಕಣ ಸೇರಿಸಿ, ಗಂಟು ಕಟ್ಟುತ್ತದಾ ಅಂತ ನೋಡೋದು. ನಿಮ್ಮ ಅಮ್ಮನ ಪ್ರತಿಕಾಯ ಸಾಮಾನ್ಯವಾಗಿ ಎಲ್ಲ ಮನುಷ್ಯರ ಕೆಂಪು ಕಣಗಳ ಮೇಲೂ ಇರುವ ಭಾಗವನ್ನೇ ಹಿಡಿಯುತ್ತದೆ. ಆದ್ದರಿಂದ ಯಾವ ದಾನಿಯ ಕಣ ಹಾಕಿದರೂ ಗಂಟು. ಅಮ್ಮನ ಸ್ವಂತ ಕಣವನ್ನೇ ಅವರ ಪ್ಲಾಸ್ಮಾಕ್ಕೆ ಹಾಕಿದರೂ ಗಂಟು. ಇಲ್ಲಿ ತೊಂದರೆ ಗುಂಪಿನದ್ದಲ್ಲ. ಊರಿಂದ ಇನ್ನೂ ಇಪ್ಪತ್ತು ಜನರನ್ನು ಕರೆಸಿದರೂ ಫಲ ಇಷ್ಟೇ. ವಾಟ್ಸಾಪ್ ಸ್ಟೇಟಸ್ ಹಾಕಿ ಜನ ಹುಡುಕೋದು ನಿಲ್ಲಿಸಿ, ಸುಮ್ನೆ ಎಲ್ಲರಿಗೂ ಓಡಾಟ. ಬಂದವರು ಖುಷಿಯಿಂದ ರಕ್ತ ಕೊಡಲಿ, ಬೇರೆ ಯಾರಿಗಾದರೂ ಆಗುತ್ತದೆ.

ನಮಗೆ ನಿಜವಾಗಿ ಭಯ ಇರೋದು ಬೇರೆ ಕಡೆ. ಹಿಂದೆ ಬಸುರಿಯಾಗಿದ್ದಾಗ ಅಥವಾ ರಕ್ತ ಹಾಕಿಸಿಕೊಂಡಾಗ, ಬೇರೆಯವರ ಕಣಗಳ ವಿರುದ್ಧ ಇನ್ನೊಂದು ಜಾತಿಯ ಪ್ರತಿಕಾಯ ಹುಟ್ಟಿರಬಹುದು. ಅದು ಈ ಗದ್ದಲದ ಅಡಿಯಲ್ಲಿ ಮುಚ್ಚಿಹೋಗಿರುತ್ತದೆ. ಅದನ್ನು ಗುರುತಿಸದೆ ರಕ್ತ ಕೊಟ್ಟರೆ ನಿಜವಾದ ರಿಯಾಕ್ಷನ್ ಆಗಬಹುದು. ಅದಕ್ಕೇ 'ಅಡ್ಸಾರ್ಪ್ಶನ್' ಮಾಡ್ತೇವೆ. ರೋಗಿಯ ಪ್ಲಾಸ್ಮಾಕ್ಕೆ ಅವರದೇ ಕಣಗಳನ್ನು ಸೇರಿಸಿ, ದಾರಿ ತಪ್ಪಿದ ಪ್ರತಿಕಾಯ ಆ ಕಣಗಳಿಗೇ ಅಂಟಿಕೊಳ್ಳುವ ಹಾಗೆ ಮಾಡಿ ತೆಗೆದುಹಾಕ್ತೇವೆ. ಉಳಿದ ಪ್ಲಾಸ್ಮಾದಲ್ಲಿ ಬೇರೆ ಏನಾದರೂ ಅಡಗಿದೆಯಾ ಅಂತ ಹುಡುಕ್ತೇವೆ. ಕಳೆದ ಮೂರು ತಿಂಗಳಲ್ಲಿ ರಕ್ತ ಹಾಕಿಸಿಕೊಂಡಿದ್ದರೆ ಅವರದೇ ಕಣ ಬಳಸುವ ಹಾಗಿಲ್ಲ, ಬೇರೆ ದಾರಿ ಹಿಡಿಯಬೇಕು. ಗಂಟೆಗಟ್ಟಲೆ ಹಿಡಿಯುವ ಕೆಲಸ ಇದು. ಎಲ್ಲ ರಕ್ತನಿಧಿಗಳಲ್ಲೂ ಈ ಸೌಲಭ್ಯ ಇರೋದಿಲ್ಲ. ಸ್ಯಾಂಪಲ್ ಮಾತ್ರ ದೊಡ್ಡ ಕೇಂದ್ರಕ್ಕೆ ಕಳಿಸಬಹುದು, ರೋಗಿಯನ್ನೇ ಒಯ್ಯಬೇಕು ಅಂತಿಲ್ಲ.

ಹಾಗಾಗಿ ನೀವು ಈಗಲೇ ಮಾಡಬಹುದಾದ ಕೆಲಸ ಇದು. ಅಮ್ಮನಿಗೆ ಎಷ್ಟು ಹೆರಿಗೆ, ಗರ್ಭಪಾತ ಆಗಿತ್ತಾ, ಹಿಂದೆ ಯಾವಾಗಲಾದರೂ ರಕ್ತ ಹಾಕಿದ್ದರಾ, ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದು ರಕ್ತನಿಧಿ ಕೌಂಟರಿನಲ್ಲಿ ಕೊಡಿ. ನಮಗೆ ಆ ಚೀಟಿ ಎಷ್ಟು ಉಪಯೋಗ ಅಂತ ಹೇಳೋಕಾಗಲ್ಲ.

ತೀರ್ಥಹಳ್ಳಿ ಹುಡುಗಿ

ಅಣ್ಣಾ, ತುಂಬಾ ಥ್ಯಾಂಕ್ಸ್. ನಾವು ಮೂರು ಮಕ್ಕಳು, ನಡುವೆ ಒಂದು ಗರ್ಭಪಾತ ಆಗಿತ್ತಂತೆ, ಅಜ್ಜಿ ಹೇಳಿದರು. ಬರೆದು ಕೊಡ್ತೀನಿ. ಆದರೆ ಮ್ಯಾಚ್ ಆಗದ ರಕ್ತವನ್ನು ಹಾಕಬಹುದಾ? ಇವತ್ತು ಬೆಳಗ್ಗೆ ಹಿಮೋಗ್ಲೋಬಿನ್ 4.6 ಆಗಿದೆ. ಎದೆ ಬಡಿತ ಜೋರು, ಸ್ವಲ್ಪ ಗೊಂದಲ ಮಾಡಿಕೊಂಡು ಮಾತಾಡುತ್ತಿದ್ದಾರೆ. ಅಪ್ಪನಿಗೆ ಸಹಿ ಹಾಕಲು ಹೆದರಿಕೆ.

ಮೈಸೂರು ಡಾಕ್ಟರ್

ಗೊಂದಲದ ಮಾತು ಮತ್ತು ಎದೆಬಡಿತವನ್ನು ಈ ಕ್ಷಣವೇ ಡ್ಯೂಟಿ ಡಾಕ್ಟರಿಗೆ ಹೇಳಿ. ಉಳಿದದ್ದು ಆಮೇಲೆ ಓದಿ.

ಹೌದು, ಕೊಡಬಹುದು. ಜೀವಕ್ಕೆ ಅಪಾಯ ಇರುವಾಗ, ಕ್ರಾಸ್‌ಮ್ಯಾಚ್ ಹೊಂದಲಿಲ್ಲ ಎಂಬ ಒಂದೇ ಕಾರಣಕ್ಕೆ ರಕ್ತ ತಡೆಹಿಡಿಯಬಾರದು. ಪ್ರಪಂಚದಲ್ಲಿ ಎಲ್ಲ ಕಡೆ ಒಪ್ಪಿರುವ ನಿಯಮ ಇದು. ಎಬಿಒ ಮತ್ತು ಆರ್‌ಎಚ್ ಸರಿಯಾಗಿ ಹೊಂದಿಸಿ, ಸಾಧ್ಯವಾದರೆ ಇತರ ಮುಖ್ಯ ಉಪಗುಂಪುಗಳನ್ನೂ ನೋಡಿಕೊಂಡು, ನಿಧಾನವಾಗಿ ಹಾಕುತ್ತಾರೆ. ಮೊದಲ ಸ್ವಲ್ಪ ಹೊತ್ತು ಪಕ್ಕದಲ್ಲೇ ನಿಂತು ಜ್ವರ, ಬಿಪಿ, ಮೂತ್ರದ ಬಣ್ಣ ಗಮನಿಸುತ್ತಾರೆ. ಹಾಕಿದ ಕಣವೂ ಅಮ್ಮನ ಸ್ವಂತ ಕಣದಷ್ಟೇ ಕಾಲ ಉಳಿಯುತ್ತದೆ, ಅಂದರೆ ಸ್ವಲ್ಪ ದಿನ. ಸ್ಟೀರಾಯ್ಡ್ ಕೆಲಸ ಶುರು ಮಾಡುವ ತನಕ ಹೃದಯ, ಮಿದುಳಿಗೆ ಆಮ್ಲಜನಕ ಸಿಗಲಿ ಅಂತ ಈ ರಕ್ತ. 10, 11 ಮುಟ್ಟಿಸುವ ಗುರಿ ಬೇಡ.

ಅಪ್ಪನಿಗೆ ಇದನ್ನು ಓದಿ ಹೇಳಿ. ಮ್ಯಾಚ್ ಆಗುತ್ತಿಲ್ಲ ಅಂತ ಕಾಯುತ್ತಾ ಕೂತು ಹೃದಯ ನಿಂತ ರೋಗಿಗಳಿದ್ದಾರೆ. ಆ ಸಾವು ತಪ್ಪಿಸಬಹುದಾದ ಸಾವು. ಇದನ್ನು ನಾನು ಜೋರಾಗಿಯೇ ಹೇಳುತ್ತೇನೆ.

ಹಸಿರೆಲೆ

ನಮ್ಮ ಕಡೆ ಕಾಮಾಲೆಗೆ ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕೊಡ್ತಾರೆ. ಬಹಳ ಜನರಿಗೆ ವಾಸಿಯಾಗಿದೆ. ಜೊತೆಗೆ ಬೀಟ್‌ರೂಟ್, ದಾಳಿಂಬೆ, ಖರ್ಜೂರ ಕೊಡಿ, ರಕ್ತ ಬೇಗ ಏರುತ್ತದೆ. ಒಳ್ಳೇದಾಗಲಿ.

ಹಾಸನದ ಅಕ್ಕ

ಹಸಿರೆಲೆಯವರೇ, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ನನಗೂ ಇದೇ ಕಾಯಿಲೆ, ಅದಕ್ಕೇ ಹೇಳ್ತೀನಿ. ಲಿವರ್ ಕಾಮಾಲೆ ಅನೇಕರಿಗೆ ವಿಶ್ರಾಂತಿಯಿಂದ ತಾನಾಗೇ ಇಳಿಯುತ್ತದೆ. ಇದು ಹಾಗಲ್ಲ. ಕಣ್ಣು ಹಳದಿ ಆದ ತಕ್ಷಣ ಪಥ್ಯ ಹಿಡಿದು ಕೂತರೆ ಅಷ್ಟರಲ್ಲಿ ಹಿಮೋಗ್ಲೋಬಿನ್ ನೆಲ ಕಚ್ಚಿರುತ್ತದೆ. ದಾಳಿಂಬೆ, ಖರ್ಜೂರ ತಿನ್ನಲಿ ಪಾಪ, ಬಾಯಿಗೆ ರುಚಿ. ಅದರಿಂದ ಕಣ ಒಡೆಯುವುದು ನಿಲ್ಲೋದಿಲ್ಲ. ಹಳದಿ ಕಣ್ಣಿನ ಜೊತೆ ಮುಖ ಬಿಳಿಚಿಕೊಂಡಿದ್ದರೆ ಒಂದು ಹಿಮೋಗ್ಲೋಬಿನ್ ಟೆಸ್ಟ್ ಮಾಡಿಸಿ. ತಾಲ್ಲೂಕು ಆಸ್ಪತ್ರೆಯಲ್ಲೇ ಆಗುತ್ತದೆ.

ಹುಡುಗೀ, ಸ್ಟೀರಾಯ್ಡ್ ಬಗ್ಗೆ ಯಾರೂ ನಿನಗೆ ಹೇಳದ ಸಂಗತಿ ಕೆಲವಿವೆ. ತೂಕಕ್ಕೆ ಒಂದು ಕೆಜಿಗೆ ಸುಮಾರು ಒಂದು ಮಿಲಿಗ್ರಾಂ ಲೆಕ್ಕದಲ್ಲಿ ಪ್ರೆಡ್ನಿಸೋಲೋನ್ ಕೊಡ್ತಾರೆ. ನಾವೆಲ್ಲ ವೈಸೋಲೋನ್ ಅಂತಲೇ ಕರೆಯೋದು. ಬೆಳಗ್ಗೆ ತಿಂಡಿ ಆದ ಮೇಲೆ ಒಟ್ಟಿಗೆ ಕೊಡು. ಸಂಜೆ ಕೊಟ್ಟರೆ ರಾತ್ರಿಯೆಲ್ಲಾ ನಿದ್ದೆ ಬರಲ್ಲ. ವಿಪರೀತ ಹಸಿವು. ಅಡುಗೆಮನೆ ಡಬ್ಬಿಗಳನ್ನು ಅಮ್ಮ ಹುಡುಕಾಡಿದರೆ ಬೈಬೇಡ. ಮುಖ ಊದಿಕೊಳ್ಳುತ್ತದೆ. ಮದುವೆ ಮನೆಗೆ ಹೋದರೆ "ಏನೇ ದಪ್ಪ ಆಗಿದ್ದೀಯ" ಅಂತ ಕೇಳುವವರೇ ಎಲ್ಲ. ಮನಸ್ಸು ಕೂಡ ಸ್ಥಿರ ಇರಲ್ಲ, ಸಣ್ಣದಕ್ಕೂ ಅಳು, ಸಿಟ್ಟು. ಅದು ಔಷಧಿಯಿಂದ, ಅವರ ಸ್ವಭಾವ ಕೆಟ್ಟಿದ್ದಲ್ಲ. ಮನೆಯವರಿಗೆ ಮುಂಚೆಯೇ ಹೇಳಿಡು. ಸಕ್ಕರೆ, ಬಿಪಿ ನೋಡ್ತಾ ಇರಬೇಕು. ಮೂಳೆಗೆ ಕ್ಯಾಲ್ಸಿಯಂ, ವಿಟಮಿನ್ ಡಿ ಕೇಳು.

ಎಲ್ಲಕ್ಕಿಂತ ಮುಖ್ಯ: ಹಿಮೋಗ್ಲೋಬಿನ್ ಏರಿತು ಅಂತ ಮಾತ್ರೆ ಥಟ್ಟನೆ ನಿಲ್ಲಿಸಬಾರದು. ಕಾಯಿಲೆ ಮರುಕಳಿಸೋದು ಒಂದು ಕಡೆ. ಇನ್ನೊಂದು ಕಡೆ, ದೇಹ ತನ್ನ ಸ್ವಂತ ಸ್ಟೀರಾಯ್ಡ್ ಮಾಡೋದನ್ನು ಆಗ ಕಡಿಮೆ ಮಾಡಿರುತ್ತದೆ. ಒಮ್ಮೆಲೇ ನಿಲ್ಲಿಸಿದರೆ ಬಿಪಿ ಬಿದ್ದು ಪ್ರಾಣಕ್ಕೇ ಬರಬಹುದು.

ಮೈಸೂರು ಡಾಕ್ಟರ್

ಹಾಸನದ ಅಕ್ಕ ಹೇಳಿದ್ದೆಲ್ಲ ಸರಿ. ಹತ್ತರಲ್ಲಿ ಏಳೆಂಟು ಮಂದಿಗೆ ಸ್ಟೀರಾಯ್ಡ್ ಕೆಲಸ ಮಾಡುತ್ತದೆ, ಬಹುಪಾಲು ಜನರಲ್ಲಿ ಮೂರು ವಾರದೊಳಗೆ ಗೊತ್ತಾಗುತ್ತದೆ. ಆಮೇಲೆ ಹಂತ ಹಂತವಾಗಿ ಇಳಿಸುತ್ತಾ ಹೋಗಬೇಕು, ಆರು ತಿಂಗಳ ಆಸುಪಾಸು ಹಿಡಿಯುವುದು ಸಾಮಾನ್ಯ. ಇಳಿಸುವಾಗ ಅಥವಾ ನಿಲ್ಲಿಸಿದ ಮೇಲೆ ಹಲವರಿಗೆ ಮತ್ತೆ ಬರುತ್ತದೆ. ಹೆಚ್ಚಿನ ಡೋಸಿನಲ್ಲೇ ತಿಂಗಳುಗಟ್ಟಲೆ ಎಳೆಯುವ ಬದಲು ಆಗ ಎರಡನೇ ಔಷಧಿಗೆ ಹೋಗುವುದು ಒಳ್ಳೆಯದು.

ವಿನಿಪೆಗ್ ಕನ್ನಡಿಗ

ನನ್ನ ಹೆಂಡತಿಗೆ ಇದರ ಇನ್ನೊಂದು ವಿಧ ಇದೆ, ಕೋಲ್ಡ್ ಅಗ್ಲುಟಿನಿನ್ ಡಿಸೀಸ್. ಇಲ್ಲಿ ಕೆನಡಾದ ಚಳಿಗಾಲದಲ್ಲಿ ಮೈನಸ್ 30 ಆಗುತ್ತದೆ. ಕಾರಿನಿಂದ ಅಂಗಡಿ ಬಾಗಿಲಿಗೆ ಹೋಗುವಷ್ಟರಲ್ಲಿ ಅವಳ ಬೆರಳ ತುದಿ, ಕಿವಿ ನೀಲಿ ಆಗುತ್ತಿತ್ತು. ಚಳಿ ಅಂದುಕೊಂಡೆವು. ಆಮೇಲೆ ಮಾಮೂಲಿ ರಕ್ತ ಪರೀಕ್ಷೆಯಲ್ಲಿ ಅಂಕಿಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ಕೆಂಪು ಕಣದ ಎಣಿಕೆ ತೀರಾ ಕಡಿಮೆ, ಆದರೆ ಕಣದ ಗಾತ್ರ ಮತ್ತು ಎಂಸಿಎಚ್‌ಸಿ (ಕಣದೊಳಗಿನ ಹಿಮೋಗ್ಲೋಬಿನ್ ಸಾಂದ್ರತೆ) ಅಸಾಧ್ಯ ಅನ್ನುವಷ್ಟು ಜಾಸ್ತಿ. ಟ್ಯೂಬಿನಲ್ಲಿ ಕಣಗಳೆಲ್ಲ ಒಂದಕ್ಕೊಂದು ಅಂಟಿದ್ದವು. ಲ್ಯಾಬಿನವರು ಸ್ಯಾಂಪಲ್ಲನ್ನು 37 ಡಿಗ್ರಿಗೆ ಬೆಚ್ಚಗೆ ಮಾಡಿ ಮತ್ತೆ ಓಡಿಸಿದಾಗ ಅಂಕಿ ಸರಿಹೋಯಿತು. ಆ ಟೆಕ್ನಿಷಿಯನ್ ಅದನ್ನು ಗಮನಿಸದಿದ್ದರೆ ಕಾಯಿಲೆ ಗೊತ್ತಾಗುತ್ತಿರಲಿಲ್ಲ.

ಅವಳಿಗೆ ಸ್ಟೀರಾಯ್ಡ್ ಕೆಲಸ ಮಾಡಲಿಲ್ಲ. ಗುಲ್ಮ ತೆಗೆಯುವುದೂ ಪ್ರಯೋಜನ ಇಲ್ಲ ಅಂದರು. ಪ್ರತಿಕಾಯ ತಯಾರಿಕೆಗೆ ಮೂಲವಾದ ಬಿ ಕೋಶಗಳನ್ನು ಕಡಿಮೆ ಮಾಡುವ ರಿಟುಕ್ಸಿಮ್ಯಾಬ್ ಎಂಬ ಔಷಧಿಯಿಂದ ಸುಧಾರಿಸಿದಳು. ನಿಮ್ಮ ಅಮ್ಮನದು ಯಾವ ವಿಧ ಅಂತ ಕೇಳಿದ್ದೀರಾ?

ಮೈಸೂರು ಡಾಕ್ಟರ್

ಸರಿಯಾದ ಪ್ರಶ್ನೆ ಕೇಳಿದಿರಿ. ಕೂಂಬ್ಸ್ ಪಾಸಿಟಿವ್ ಅಂದರೆ ಅರ್ಧ ಉತ್ತರ ಮಾತ್ರ. ಕಣದ ಮೇಲೆ ಅಂಟಿರುವುದು ಐಜಿಜಿ ಎಂಬ ಪ್ರತಿಕಾಯವೋ, ಸಿ3ಡಿ ಎಂಬ ಪ್ರೋಟೀನೋ ಅಂತ ಬಿಡಿಸಿ ನೋಡಬೇಕು. ಐಜಿಜಿ ಇದ್ದರೆ ಹೆಚ್ಚಾಗಿ 'ವಾರ್ಮ್' ವಿಧ, ದೇಹದ ಉಷ್ಣತೆಯಲ್ಲೇ ಕಣ ನಾಶವಾಗುವಂಥದ್ದು. ಸಿ3ಡಿ ಮಾತ್ರ ಇದ್ದು ಕೋಲ್ಡ್ ಅಗ್ಲುಟಿನಿನ್ ಮಟ್ಟ ಹೆಚ್ಚಿದ್ದರೆ ವಿನಿಪೆಗ್ ಮೇಡಂ ತರಹದ್ದು. ಅಲ್ಲಿ ಐಜಿಎಂ ಪ್ರತಿಕಾಯ ತಣ್ಣಗಿರುವ ಬೆರಳು, ಕಿವಿಯಲ್ಲಿ ಕಣಕ್ಕೆ ಅಂಟಿ, ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳ ಸರಣಿಯನ್ನು ಎಬ್ಬಿಸುತ್ತದೆ. ಕಣಗಳು ಬಹುಪಾಲು ಲಿವರ್‌ನಲ್ಲಿ ನಾಶವಾಗುತ್ತವೆ, ಹಾಗಾಗಿ ಗುಲ್ಮ ತೆಗೆದು ಲಾಭವಿಲ್ಲ. ಆ ಸರಣಿಯನ್ನೇ ತಡೆಯುವ ಸುಟಿಮ್ಲಿಮ್ಯಾಬ್ ಎಂಬ ಔಷಧಿಗೆ 2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಇಂಥವರಿಗೆ ರಕ್ತ, ಡ್ರಿಪ್ ಎಲ್ಲ ಬೆಚ್ಚಗೆ ಮಾಡಿಯೇ ಕೊಡಬೇಕು.

ಈ ಕೂಂಬ್ಸ್ ಟೆಸ್ಟಿನ ಕಥೆ ನನಗೆ ಬಹಳ ಇಷ್ಟ. 1945ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಇದನ್ನು ಮಾಡಿದ ರಾಬಿನ್ ಕೂಂಬ್ಸ್ ಓದಿದ್ದು ಪಶುವೈದ್ಯಕೀಯ. ಜೊತೆಗಿದ್ದವರು ಮೊರಾಂಟ್ ಮತ್ತು ರೇಸ್. ಮನುಷ್ಯರ ಪ್ರತಿಕಾಯಕ್ಕೆ ಅಂಟುವ ಪ್ರತಿಕಾಯವನ್ನು ಮೊಲದಲ್ಲಿ ತಯಾರಿಸಿ, ಅದನ್ನು ಕೆಂಪು ಕಣದ ಮೇಲೆ ಹಾಕಿ, ಗಂಟು ಕಟ್ಟಿದರೆ ಮೊದಲೇ ಏನೋ ಅಂಟಿದೆ ಅಂತ ತಿಳಿಯುವ ಉಪಾಯ. ಇವತ್ತಿಗೂ ನಾವು ನೆಚ್ಚಿಕೊಂಡಿರೋದು ಅದನ್ನೇ.

ಮಗುವಿನ ಅಮ್ಮ, ತುಮಕೂರು

ನಡುವೆ ಕೇಳ್ತಿದ್ದೀನಿ, ಕ್ಷಮಿಸಿ. ನನ್ನ ನಾಲ್ಕು ವರ್ಷದ ಮಗನಿಗೆ ವೈರಲ್ ಜ್ವರ ಆದ ಮೇಲೆ ಮೂತ್ರ ಕೆಂಪಾಗಿ, ರಕ್ತ ಕಡಿಮೆಯಾಗಿ ಇದೇ ಹೆಸರು ಹೇಳಿದ್ದಾರೆ. ಜೀವಮಾನವಿಡೀ ಇರುತ್ತಾ? ತಂಗಿಗೂ ಬರುತ್ತಾ?

ಮೈಸೂರು ಡಾಕ್ಟರ್

ಇದು ಥಲಸ್ಸೀಮಿಯಾ ಹಾಗೆ ಅಪ್ಪ ಅಮ್ಮನಿಂದ ಮಗುವಿಗೆ ಇಳಿದು ಬರುವ ಕಾಯಿಲೆ ಅಲ್ಲ. ತಂಗಿಯ ಬಗ್ಗೆ ಚಿಂತೆ ಬೇಡ. ಪುಟ್ಟ ಮಕ್ಕಳಲ್ಲಿ ಸೋಂಕಿನ ನಂತರ ಬಂದದ್ದು ಅನೇಕ ಸಲ ಕೆಲವು ವಾರಗಳಲ್ಲಿ ತಾನಾಗೇ ತಣ್ಣಗಾಗುತ್ತದೆ. ಮೂತ್ರ ಕೆಂಪಾಗಿತ್ತು ಅಂತ ಹೇಳಿದ್ದರಿಂದ, ಡೊನಾತ್-ಲ್ಯಾಂಡ್‌ಸ್ಟೈನರ್ ಟೆಸ್ಟ್ (ತಣ್ಣಗಿದ್ದಾಗ ಕಣಕ್ಕೆ ಅಂಟಿ, ಬೆಚ್ಚಗಾದಾಗ ಅದನ್ನು ಒಡೆಯುವ ಪ್ರತಿಕಾಯ ಇದೆಯಾ ಅಂತ ನೋಡುವಂಥದ್ದು) ಬೇಕಾ ಅಂತ ಮಕ್ಕಳ ವೈದ್ಯರನ್ನು ಕೇಳಿ. ಪ್ಲೇಟ್‌ಲೆಟ್ ಕೂಡ ಕಡಿಮೆ ಇದ್ದರೆ ಮಾತ್ರ ವಿಷಯ ಸ್ವಲ್ಪ ಬೇರೆ, ಅದನ್ನು ಇವಾನ್ಸ್ ಸಿಂಡ್ರೋಮ್ ಅನ್ನುತ್ತಾರೆ. ಅದು ಮತ್ತೆ ಮತ್ತೆ ಬರುವ ಸ್ವಭಾವದ್ದು.

ತೀರ್ಥಹಳ್ಳಿ ಹುಡುಗಿ

ಎಲ್ಲರಿಗೂ ಸುದ್ದಿ ಕೊಡಬೇಕಿತ್ತು. ಅವತ್ತೇ ಅಪ್ಪ ಸಹಿ ಹಾಕಿದರು. ಸ್ಯಾಂಪಲ್ ದೊಡ್ಡ ಕೇಂದ್ರಕ್ಕೆ ಹೋಗಿ ಬಂತು. ಹುಬ್ಬಳ್ಳಿ ಅಣ್ಣ ಹೇಳಿದ ಹಾಗೆಯೇ ಅಡಿಯಲ್ಲಿ ಇನ್ನೊಂದು ಪ್ರತಿಕಾಯ ಸಿಕ್ಕಿತು, ಆ್ಯಂಟಿ-ಇ ಅಂತೆ. ಅದು ಹಿಡಿಯುವ 'ಇ' ಎಂಬ ಗುರುತು ಕಣದ ಮೇಲೆ ಇಲ್ಲದ ರಕ್ತ ಹುಡುಕಿ ನಿಧಾನವಾಗಿ ಹಾಕಿದರು. ನರ್ಸ್ ಅಕ್ಕ ಮಂಚದ ಪಕ್ಕದಿಂದ ಕದಲಲಿಲ್ಲ. ಐಜಿಜಿ ಪಾಸಿಟಿವ್, ವಾರ್ಮ್ ವಿಧ. ಎಎನ್‌ಎ ನೆಗೆಟಿವ್, ಸ್ಕ್ಯಾನ್‌ನಲ್ಲಿ ಗುಲ್ಮ ಸ್ವಲ್ಪ ದೊಡ್ಡದಿದೆ ಅಷ್ಟೇ. ಈಗ 8.4. ಮಾತು ಸರಿಯಾಗಿದೆ, ಹಸುವಿಗೆ ಹುಲ್ಲು ಹಾಕಿದಿರಾ ಅಂತ ಆಸ್ಪತ್ರೆಯಿಂದಲೇ ಫೋನ್ ಮಾಡುತ್ತಾರೆ.

ಸ್ಟೀರಾಯ್ಡ್ ಇಳಿಸಿದಾಗ ಮತ್ತೆ ಕುಸಿದರೆ ರಿಟುಕ್ಸಿಮ್ಯಾಬ್ ಅಂದಿದ್ದಾರೆ. ಖರ್ಚು ನಮ್ಮ ಕೈಗೆ ಎಟುಕುತ್ತಾ?

ರಕ್ತನಿಧಿ ಗೆಳೆಯ, ಹುಬ್ಬಳ್ಳಿ

ಆ್ಯಂಟಿ-ಇ! ಅಕ್ಕಾ, ಆ ಹೆಸರನ್ನು ಅಮ್ಮನ ಆಧಾರ್ ಕಾರ್ಡ್ ಜೊತೆ ಒಂದು ಚೀಟಿಯಲ್ಲಿ ಬರೆದು ಯಾವಾಗಲೂ ಇಟ್ಟುಕೊಳ್ಳಿ. ಕಾಲ ಕಳೆದಂತೆ ಅದು ಟೆಸ್ಟಿನಲ್ಲಿ ಕಾಣದೆ ಹೋಗಬಹುದು. ಆಗಲೂ ಇ-ನೆಗೆಟಿವ್ ರಕ್ತವನ್ನೇ ಕೊಡಬೇಕು. ಬೇರೆ ಊರಿನ ಆಸ್ಪತ್ರೆಗೆ ಇದು ಗೊತ್ತಿರೋದಿಲ್ಲ.

ಹಾಸನದ ಅಕ್ಕ

ನನಗೆ ರಿಟುಕ್ಸಿಮ್ಯಾಬ್ ಆಗಿದೆ. ವಿದೇಶಿ ಬ್ರ್ಯಾಂಡ್ ಬೆಲೆ ಕೇಳಿ ಹೆದರಬೇಡ. 2007ರಿಂದ ನಮ್ಮ ದೇಶದ ಕಂಪನಿಯೇ ಇದನ್ನು ತಯಾರಿಸುತ್ತಿದೆ, ಆಮೇಲೆ ಬೇರೆ ಕಂಪನಿಗಳೂ ಬಂದವು, ಬೆಲೆ ಎಷ್ಟೋ ಇಳಿದಿದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡ್ ಇದ್ದರೆ ಯಾವುದು ಸೇರುತ್ತದೆ ಅಂತ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳು. ಮೊದಲ ಡ್ರಿಪ್ ದಿನ ಚಳಿ, ನಡುಕ ಬರಬಹುದು, ವೇಗ ಕಡಿಮೆ ಮಾಡಿದರೆ ಸರಿಹೋಗುತ್ತದೆ. ಫಲ ಕಾಣೋಕೆ ಕೆಲವು ವಾರ ಬೇಕು, ತಾಳ್ಮೆ ಇರಲಿ.

ಮೈಸೂರು ಡಾಕ್ಟರ್

ರಿಟುಕ್ಸಿಮ್ಯಾಬ್‌ನ ಪೂರ್ತಿ ಡೋಸ್ ಅಂದರೆ ದೇಹದ ಮೇಲ್ಮೈಯ ಒಂದು ಚದರ ಮೀಟರಿಗೆ 375 ಮಿಲಿಗ್ರಾಂ, ವಾರಕ್ಕೊಮ್ಮೆ, ನಾಲ್ಕು ವಾರ. ವಾರಕ್ಕೆ 100 ಮಿಲಿಗ್ರಾಂ ಮಾತ್ರ ಕೊಟ್ಟು ಒಳ್ಳೆಯ ಫಲ ಕಂಡ ಅಧ್ಯಯನಗಳೂ ಇವೆ. ಖರ್ಚಿನ ಕಷ್ಟ ಇದ್ದರೆ ಇದನ್ನು ನಿಮ್ಮ ವೈದ್ಯರ ಹತ್ತಿರ ಬಾಯಿಬಿಟ್ಟು ಕೇಳಿ, ಸಂಕೋಚ ಬೇಡ. ಆದರೆ ಹೆಪಟೈಟಿಸ್ ಬಿ ಟೆಸ್ಟ್ ಆಗದೆ ಒಂದು ಹನಿಯನ್ನೂ ಹಾಕಿಸಿಕೊಳ್ಳಬಾರದು. ಮಲಗಿರುವ ಆ ವೈರಸ್ ಈ ಔಷಧಿಯಿಂದ ಎದ್ದು ಲಿವರ್ ಹಾಳು ಮಾಡಬಹುದು. ಈಗಿನ ಸೋಂಕು ತೋರಿಸುವ ಎಚ್‌ಬಿಎಸ್‌ಎಜಿ ಒಂದೇ ಸಾಲದು, ಹಿಂದೆ ಸೋಂಕು ತಗುಲಿತ್ತಾ ಅಂತ ತೋರಿಸುವ ಆ್ಯಂಟಿ-ಎಚ್‌ಬಿಸಿ ಕೂಡ ನೋಡಬೇಕು. ರಕ್ಷಣಾ ವ್ಯವಸ್ಥೆಯನ್ನು ತಗ್ಗಿಸುವ ಅಜಥಯೋಪ್ರಿನ್, ಮೈಕೋಫಿನೋಲೇಟ್ ಮಾತ್ರೆಗಳೂ ಇವೆ. ಗುಲ್ಮ ತೆಗೆಯುವುದು ಈಗ ತೀರಾ ಕೊನೆಗೆ. ತೆಗೆಯುವುದಾದರೆ ಕನಿಷ್ಠ ಎರಡು ವಾರ ಮೊದಲು ನ್ಯುಮೋಕಾಕಸ್, ಮೆನಿಂಗೋಕಾಕಸ್, ಹಿಬ್ ಲಸಿಕೆ ಆಗಿರಬೇಕು.

ಡಿಸ್ಚಾರ್ಜ್ ಆದ ಮೇಲೆ ಮನೆಯಲ್ಲಿ ಗಮನಿಸಬೇಕಾದ್ದು: ಸ್ಟೀರಾಯ್ಡ್ ಇರುವಷ್ಟು ದಿನ ಜ್ವರ ಬಂದರೆ ಡೋಲೋ ಕೊಟ್ಟು ಕಾಯಬೇಡಿ, ಅದೇ ದಿನ ತೋರಿಸಿ. ಒಂದು ಕಾಲು ಮಾತ್ರ ಊದಿ ನೋವಾದರೆ, ಅಥವಾ ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ತಡ ಮಾಡದೆ ಹೊರಡಿ. ಈ ಕಾಯಿಲೆಯಲ್ಲಿ ರಕ್ತನಾಳದೊಳಗೆ ರಕ್ತ ಹೆಪ್ಪುಗಟ್ಟುವ ಅಪಾಯ ಜಾಸ್ತಿ. ವಾಂತಿಯಾಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಅದೂ ಆಸ್ಪತ್ರೆಗೆ ಹೋಗುವ ವಿಷಯವೇ, ಇಂಜೆಕ್ಷನ್ ಮೂಲಕ ಸ್ಟೀರಾಯ್ಡ್ ಬೇಕಾಗುತ್ತದೆ. ಶುರುವಿನಲ್ಲಿ ವಾರಕ್ಕೊಮ್ಮೆ ಹಿಮೋಗ್ಲೋಬಿನ್, ರೆಟಿಕ್ಯುಲೋಸೈಟ್ ಎರಡನ್ನೂ ತೀರ್ಥಹಳ್ಳಿಯಲ್ಲೇ ಮಾಡಿಸಿ, ರಿಪೋರ್ಟ್ ಫೋಟೋ ವೈದ್ಯರಿಗೆ ಕಳಿಸಿ.

ತೀರ್ಥಹಳ್ಳಿ ಹುಡುಗಿ

ಎಲ್ಲ ಬರೆದುಕೊಂಡೆ ಸರ್. ಆ್ಯಂಟಿ-ಎಚ್‌ಬಿಸಿ ಇನ್ನೂ ಮಾಡಿಸಿಲ್ಲ, ನಾಳೆ ರೌಂಡ್ಸ್‌ನಲ್ಲಿ ಕೇಳ್ತೀನಿ.